ಕಲ್ಪಿತ ಚರಿತ್ರೆಯ ಪ್ರಮಾಣವಿಚಾರ: ‘ಡಾಕ್ಟರ್ ಹೂ’ ಕಥಾಮಾಲೆಯನ್ನು ಕುರಿತ ಅಭಿಮಾನಿಗಳ ವಾದಗಳು

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ದೂರದರ್ಶನದ ಒಂದು ಕಥಾಮಾಲೆಯನ್ನು ಕುರಿತು ಬರೆಯುವುದು ಉಚಿತವೇ ಎಂಬ ಶಂಕೆ ವಾಚಕರಲ್ಲಿ ಕೆಲವರಿಗಾದರೂ ಉಂಟಾಗದಿರದು. ಶಾಸನ, ಕಡತ, ನಾಣ್ಯಗಳನ್ನು ಬದಿಗಿಟ್ಟು ಕಾಲಯಾನದ ಕಟ್ಟುಕಥೆಗೆ ಕೈಹಾಕಿದುದೇಕೆ ಎಂದು ಕೇಳಿದರೆ ಉತ್ತರವಿಷ್ಟೆ. ಒಂದು ಕಲ್ಪಿತ ಕಥೆಯ ಭೂತಕಾಲವನ್ನು ಕುರಿತು ಅದರ ಅಭಿಮಾನಿಗಳು ದಶಕಗಳ ಪರ್ಯಂತ ಪ್ರಮಾಣಸಹಿತವಾಗಿ ವಾದಿಸುತ್ತ ಬಂದಿರುವ ನಿದರ್ಶನಗಳು ವಿರಳ. ಆಕರಗಳ ತಾರತಮ್ಯ, ಕಾಲನಿರ್ಣಯ, ಪ್ರಕ್ಷೇಪ, ಪರಸ್ಪರ ವಿರುದ್ಧವಾದ ಸಾಕ್ಷ್ಯ, ನಷ್ಟವಾದ ಮೂಲ—ನಮ್ಮ ಕಸುಬಿನ ತೊಡಕುಗಳೆಲ್ಲ ಆ ವಾದಗಳಲ್ಲಿ ತಲೆದೋರುತ್ತವೆ. ಜೊತೆಗೆ, ಪ್ರಾಚೀನ ಚರಿತ್ರೆಯಲ್ಲಿ ನಮಗೆ ಎಂದಿಗೂ ದೊರೆಯದ ಒಂದು ಅನುಕೂಲ ಇಲ್ಲಿದೆ: ಯಾವ ಸಂಗತಿಯು ಯಾವ ಕಾರಣದಿಂದ ಹಾಗೆ ಬರೆಯಲ್ಪಟ್ಟಿತೆಂಬುದನ್ನು ಅನೇಕ ಸಂದರ್ಭಗಳಲ್ಲಿ ಬರೆದವರ ಬಾಯಿಂದಲೇ ತಿಳಿಯಬಹುದಾಗಿದೆ. ಊಹೆಯನ್ನು ಉತ್ತರದೊಡನೆ ಒರೆಹಚ್ಚಿ ನೋಡುವ ಅವಕಾಶ ಇತಿಹಾಸದ ವಿದ್ಯಾರ್ಥಿಗೆ ಸುಲಭವಾಗಿ ಸಿಗತಕ್ಕದ್ದಲ್ಲ.

‘ಡಾಕ್ಟರ್ ಹೂ’ ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು ೧೯೬೩ರ ನವೆಂಬರ್ ೨೩ರಂದು ಆರಂಭಿಸಿದ ವೈಜ್ಞಾನಿಕ ಕಥಾಮಾಲೆ. (‘ಹೂ’ ಎಂಬುದು ಇಲ್ಲಿ ನಮ್ಮ ಪುಷ್ಪವಲ್ಲ, ‘ಯಾರು’ ಎಂಬ ಇಂಗ್ಲಿಷ್ ಪ್ರಶ್ನೆ.) ಅಮೆರಿಕದ ಅಧ್ಯಕ್ಷ ಕೆನೆಡಿಯವರ ಹತ್ಯೆಯಾದ ಮರುದಿನ ಪ್ರಸಾರವಾದ ಮೊದಲ ಕಂತನ್ನು ಮುಂದಿನ ವಾರ ಎರಡನೆಯ ಕಂತಿಗೆ ಮುನ್ನ ಮತ್ತೊಮ್ಮೆ ತೋರಿಸಬೇಕಾಯಿತು. ಯೋಜನೆಯ ಮೂಲಪುರುಷರಲ್ಲಿ ಮುಖ್ಯರಾದವರು ಕೆನಡದಿಂದ ಬಂದ ಸಿಡ್ನಿ ನ್ಯೂಮನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್. ಈ ಹುಸೇನರು ೧೯೩೮ರಲ್ಲಿ ಲಖನೌದಲ್ಲಿ ಜನಿಸಿದವರು, ಕಾದಂಬರಿಗಾರ್ತಿ ಅತಿಯಾ ಹುಸೇನರ ಮಗ. ಕಾಲದಲ್ಲಿಯೂ ದೇಶದಲ್ಲಿಯೂ ಹಿಂದುಮುಂದಾಗಿ ಸಂಚರಿಸಬಲ್ಲ ಯಂತ್ರವೊಂದರಲ್ಲಿ, ಹೆಸರಿಲ್ಲದ ಒಬ್ಬ ವೃದ್ಧನು ಕೆಲವರು ಸಂಗಡಿಗರೊಡನೆ ಅಲೆಯುವುದೇ ಕಥೆಯ ಹಂದರ. ಆ ವೃದ್ಧನನ್ನು ಎಲ್ಲರೂ ‘ಡಾಕ್ಟರ್’ ಎಂದು ಕರೆಯುತ್ತಾರೆ.

ಆ ಪಾತ್ರವನ್ನು ವಹಿಸಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಮೂರು ವರ್ಷಗಳಲ್ಲಿ ಕೆಟ್ಟಿತು. ಮಾತುಗಳು ನೆನಪಿನಲ್ಲಿ ನಿಲ್ಲದಾದುವು. ಮಾಲೆಯನ್ನು ನಿಲ್ಲಿಸಲು ಸಂಸ್ಥೆಗೆ ಮನಸ್ಸಿಲ್ಲ. ನಾಯಕನನ್ನು ಉಳಿಸಿಕೊಳ್ಳಲು ಉಪಾಯವಿಲ್ಲ. ೧೯೬೬ರ ಅಕ್ಟೋಬರ್ ೨೯ರ ಕಂತಿನ ಕೊನೆಯಲ್ಲಿ ಡಾಕ್ಟರನು ನೆಲಕ್ಕೊರಗುತ್ತಾನೆ. ಅವನ ಮುಖವು ಬೆಳಕಿನಲ್ಲಿ ಕರಗಿ ಬೇರೊಬ್ಬ ನಟನ, ಎಂದರೆ ಪ್ಯಾಟ್ರಿಕ್ ಟ್ರೌಟನ್ನರ, ಮುಖವಾಗಿ ಮೂಡುತ್ತದೆ. ಒಬ್ಬ ನಟರ ಅನಾರೋಗ್ಯಕ್ಕೆ ಕಂಡುಕೊಂಡ ಈ ಪರಿಹಾರದಿಂದಲೇ ಮುಂದಿನ ವಾದಗಳೆಲ್ಲ ಹುಟ್ಟಿದುವು. ನಟನನ್ನು ಬದಲಾಯಿಸುವುದು ರಂಗಭೂಮಿಗೆ ಹೊಸದಲ್ಲ. ಆದರೆ ಬದಲಾವಣೆಯನ್ನು ಮರೆಮಾಚದೆ ಕಥೆಯೊಳಗಿನ ಒಂದು ಘಟನೆಯನ್ನಾಗಿಯೇ ಮಾಡಿದುದರಿಂದ, ಪಾತ್ರಧಾರಿಯ ಆಯ್ಕೆಯೆಂಬ ಕಛೇರಿಯ ವ್ಯವಹಾರವು ಕಥೆಯ ಇತಿಹಾಸದ ಭಾಗವಾಗಿಬಿಟ್ಟಿತು.

ಹೊಸಬನು ನಿಜವಾಗಿ ಡಾಕ್ಟರನೇ ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವರು ಪ್ರೇಕ್ಷಕರಲ್ಲ, ಕಥೆಯೊಳಗಿನ ಸಂಗಡಿಗರು. ಟ್ರೌಟನ್ನರ ಮೊದಲ ಕಥೆಯಾದ ‘ದಿ ಪವರ್ ಆಫ್ ದಿ ಡಾಲೆಕ್ಸ್’ನಲ್ಲಿ ಪಾಲಿ ಎಂಬ ಹುಡುಗಿ ಅವನನ್ನು ಬೇಗನೆ ಒಪ್ಪುತ್ತಾಳೆ, ಬೆನ್ ಎಂಬ ನಾವಿಕನು ಒಪ್ಪುವುದಿಲ್ಲ. ಉಡುಪು, ಉಂಗುರ, ನಡೆನುಡಿ ಎಲ್ಲವನ್ನೂ ಒಂದೊಂದಾಗಿ ಪರೀಕ್ಷೆಗೆ ಒಡ್ಡಲಾಗುತ್ತದೆ. ಕಡೆಗೆ ಡಾಕ್ಟರನ ಬದ್ಧವೈರಿಯಾದ ಡಾಲೆಕ್ ಯಂತ್ರಪ್ರಾಣಿಯೇ ಅವನನ್ನು ಗುರುತಿಸಿದಂತೆ ತೋರುತ್ತದೆ. ಮಿತ್ರನ ನುಡಿಗಿಂತ ಶತ್ರುವಿನ ಸಾಕ್ಷ್ಯಕ್ಕೆ ಹೆಚ್ಚು ಬೆಲೆ ಎಂಬ ನಮ್ಮ ಹಳೆಯ ನಿಯಮವನ್ನು ಕಥೆಗಾರರು ಬಲ್ಲವರಾಗಿದ್ದರೋ ಇಲ್ಲವೋ, ಅದನ್ನು ಚೆನ್ನಾಗಿ ಬಳಸಿಕೊಂಡಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಭಾರತೀಯ ವಾಚಕನಿಗೆ ಇದನ್ನು ಅವತಾರಕ್ಕೋ ಪುನರ್ಜನ್ಮಕ್ಕೋ ಹೋಲಿಸುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಲ್ಲ ಒಬ್ಬರು ಹಾಗೆ ಹೇಳದೆ ಇರುವುದಿಲ್ಲ. ಹೋಲಿಕೆ ರಮ್ಯವಾದುದು, ಆದರೆ ಸಲ್ಲದು. ಅವತಾರದಲ್ಲಿ ಮೊದಲೇ ಒಂದು ತತ್ತ್ವವಿದೆ, ಕಥೆ ಅದನ್ನು ಅನುಸರಿಸುತ್ತದೆ; ಇಲ್ಲಿ ಮೊದಲು ಒಂದು ಇಕ್ಕಟ್ಟು, ತರುವಾಯ ಕಥೆ, ತತ್ತ್ವ ಬಂದುದು ಬಹಳ ತಡವಾಗಿ. ೧೯೬೬ರಲ್ಲಿ ಈ ಬದಲಾವಣೆಯನ್ನು ‘ನವೀಕರಣ’ ಎಂಬರ್ಥದ ಮಾತಿನಿಂದ ಸೂಚಿಸಲಾಗಿತ್ತು. ಡಾಕ್ಟರನು ಟೈಮ್ ಲಾರ್ಡ್ ಎಂಬ ಜನಾಂಗಕ್ಕೆ ಸೇರಿದವನೆಂಬುದು ೧೯೬೯ರಲ್ಲಿ ಗೊತ್ತಾಯಿತು. ಇಂದು ಎಲ್ಲರ ಬಾಯಲ್ಲಿರುವ ‘ರೀಜನರೇಷನ್’ ಎಂಬ ಪದ ಮಾಲೆಯಲ್ಲಿ ಕೇಳಿಬಂದುದು ೧೯೭೪ರಲ್ಲಿ, ಮೂರನೆಯ ನಟ ಜಾನ್ ಪರ್ಟ್‌ವೀ ನಿರ್ಗಮಿಸಿದಾಗ. ಅನಂತರದ ಪದವನ್ನು ಹಿಂದಿನ ಘಟನೆಗೆ ತೊಡಿಸಿ, ಅದು ಆದಿಯಿಂದಲೂ ಹಾಗೆಯೇ ಇತ್ತೆಂದು ಭಾವಿಸುವ ದೋಷಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ತರಗತಿಯಲ್ಲಿ ಕೊಡಲು ನನಗೆ ದೊರೆತಿಲ್ಲ.

ಅಭಿಮಾನಿಗಳ ವಾದಗಳಲ್ಲಿ ಅತಿ ದೀರ್ಘವಾದುದು ಡಾಕ್ಟರನಿಗೆ ಎಷ್ಟು ಜನ್ಮಗಳು ಎಂಬುದು. ಅದರ ಮೂಲದಲ್ಲಿರುವ ಎರಡು ಆಕರಗಳೂ ೧೯೭೬ರ ಒಂದೇ ವರ್ಷಕ್ಕೆ ಸೇರಿದುವು. ಆಗ ನಾಯಕನಾಗಿದ್ದವರು ನಾಲ್ಕನೆಯವರಾದ ಟಾಮ್ ಬೇಕರ್. ಜನವರಿಯಲ್ಲಿ ಪ್ರಸಾರವಾದ ‘ದಿ ಬ್ರೇನ್ ಆಫ್ ಮಾರ್ಬಿಯಸ್’ ಎಂಬ ಕಥೆಯಲ್ಲಿ ಮನೋಬಲದ ಒಂದು ಸ್ಪರ್ಧೆ ನಡೆದು, ಪರದೆಯ ಮೇಲೆ ಡಾಕ್ಟರನ ಹಿಂದಿನ ಮುಖಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಹಾರ್ಟ್‌ನೆಲ್ಲರ ಮುಖಕ್ಕೆ ಅದು ನಿಲ್ಲುವುದಿಲ್ಲ. ಅದರ ಹಿಂದೆ ಮತ್ತೆ ಎಂಟು ಅಪರಿಚಿತ ಮುಖಗಳು ಬರುತ್ತವೆ. ಅವು ನಟರ ಮುಖಗಳಲ್ಲ, ಮಾಲೆಯಲ್ಲಿ ದುಡಿಯುತ್ತಿದ್ದ ನಿರ್ದೇಶಕರು, ಲೇಖಕರು ಮೊದಲಾದವರು ವೇಷ ಹಾಕಿಕೊಂಡು ತೆಗೆಸಿಕೊಂಡ ಚಿತ್ರಗಳು. ಹಾರ್ಟ್‌ನೆಲ್ ಮೊದಲಿಗನಲ್ಲವೆಂಬುದನ್ನು ಸೂಚಿಸುವುದೇ ತಮ್ಮ ಉದ್ದೇಶವಾಗಿತ್ತೆಂದು ನಿರ್ಮಾಪಕ ಫಿಲಿಪ್ ಹಿಂಚ್‌ಕ್ಲಿಫ್ ಮುಂದೆ ಒಪ್ಪಿಕೊಂಡಿದ್ದಾರೆ. ಅದೇ ವರ್ಷದ ಅಕ್ಟೋಬರ್-ನವೆಂಬರಿನಲ್ಲಿ ಬಂದ ‘ದಿ ಡೆಡ್ಲಿ ಅಸಾಸಿನ್’ ಕಥೆಯು, ಟೈಮ್ ಲಾರ್ಡ್ ಒಬ್ಬನು ಹನ್ನೆರಡು ಸಲ ಮಾತ್ರ ರೂಪ ಬದಲಿಸಬಲ್ಲನೆಂದು, ಎಂದರೆ ಅವನಿಗೆ ಹದಿಮೂರು ಜನ್ಮಗಳೆಂದು, ಗೆರೆ ಎಳೆಯಿತು. ಎರಡನ್ನೂ ನಂಬುವುದಾದರೆ ಎಂಟಕ್ಕೆ ನಾಲ್ಕನ್ನು ಕೂಡಿಸಬೇಕು. ಟಾಮ್ ಬೇಕರ್ ಹನ್ನೆರಡನೆಯವರಾಗಿ, ಅವರ ತರುವಾಯ ಒಬ್ಬನಿಗೆ ಮಾತ್ರ ಸ್ಥಳ ಉಳಿಯುತ್ತದೆ. ಎರಡು ಕಥೆಗಳೂ ರಾಬರ್ಟ್ ಹೋಮ್ಸ್ ಎಂಬ ಒಬ್ಬರ ಕೈದಾಟಿ ಬಂದುವು—ಮೊದಲನೆಯದನ್ನು ಅವರು ತಿದ್ದಿದರು, ಎರಡನೆಯದನ್ನು ಬರೆದರು. ಈ ಎರಡು ಕಥೆಗಳು ಎರಡು ತಾಳೆಗರಿಯ ಕಟ್ಟುಗಳಾಗಿ ನಮಗೆ ಸಿಕ್ಕಿದ್ದರೆ, ಒಂದೇ ಲೇಖನಿ ಒಂದೇ ವರ್ಷದಲ್ಲಿ ಇಷ್ಟು ವಿರುದ್ಧವಾಗಿ ನುಡಿಯಲಾರದೆಂದು ಇಬ್ಬರು ಕರ್ತೃಗಳನ್ನು ಕಲ್ಪಿಸಿ, ಅವರ ನಡುವೆ ಒಂದು ಶತಮಾನದ ಅಂತರವನ್ನೂ ನಾವು ಇಡುತ್ತಿದ್ದೆವೆಂಬುದರಲ್ಲಿ ನನಗೆ ಸಂದೇಹವಿಲ್ಲ.

‘ಡಾಕ್ಟರ್ ಹೂ’ ಅಭಿಮಾನಿಗಳ ಸಂಘವು ಸ್ಥಾಪಿತವಾದುದೂ ೧೯೭೬ರಲ್ಲಿಯೇ. ‘ದಿ ಡೆಡ್ಲಿ ಅಸಾಸಿನ್’ ಕಥೆಯ ಬಗೆಗೆ ಅದರ ಅಧ್ಯಕ್ಷರು ಬರೆದ ವಿಮರ್ಶೆ ಕಟುವಾದುದು: ಗಂಭೀರರೂ ಸರ್ವಶಕ್ತರೂ ಆಗಿ ೧೯೬೯ರಲ್ಲಿ ತೋರಿದ್ದ ಟೈಮ್ ಲಾರ್ಡರನ್ನು ಇಲ್ಲಿ ಒಳಜಗಳದ ಮುದುಕರ ಸಭೆಯನ್ನಾಗಿ ಮಾಡಲಾಗಿದೆ, ಹಿಂದಿನ ಕಥೆಗಳಿಗೆ ದ್ರೋಹವಾಗಿದೆ ಎಂಬುದು ಅದರ ಸಾರ. ಸದಾಚಾರದ ಪರವಾಗಿ ಹೋರಾಡುತ್ತಿದ್ದ ಮೇರಿ ವೈಟ್‌ಹೌಸ್ ಅವರೂ ಅದೇ ಕಥೆಯನ್ನು ಖಂಡಿಸಿದರು. ಆದರೆ ಅವರ ಆಕ್ಷೇಪಣೆ ನಾಯಕನ ತಲೆಯನ್ನು ನೀರಿನಲ್ಲಿ ಅದುಮಿ ಹಿಡಿದ ದೃಶ್ಯದಲ್ಲಿ ಕಂತನ್ನು ಮುಗಿಸಿದುದಕ್ಕೆ. ಸಂಸ್ಥೆ ಕ್ಷಮೆ ಕೇಳಿದುದು ವೈಟ್‌ಹೌಸ್ ಅವರಲ್ಲಿ. ಪೂರ್ವಾಪರ ಕೆಟ್ಟುದಕ್ಕೆ ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಆದರೂ ಕಾಲಕ್ರಮದಲ್ಲಿ ಆದುದು ಸ್ವಾರಸ್ಯವಾಗಿದೆ. ಎರಡು ದಶಕಗಳು ಕಳೆಯುವುದರೊಳಗೆ ಅದೇ ಕಥೆ ಅಭಿಮಾನಿಗಳ ಮೆಚ್ಚಿನ ಕಥೆಗಳಲ್ಲಿ ಒಂದಾಯಿತು. ಅದು ವಿಧಿಸಿದ ಹದಿಮೂರರ ಮಿತಿ ಯಾರೂ ಮೀರಬಾರದ ಶಾಸನವಾಯಿತು. ಅದಕ್ಕಿಂತ ಹಿಂದಿನದಾದ ಎಂಟು ಮುಖಗಳ ಸಾಕ್ಷ್ಯವನ್ನೇ ಪ್ರಕ್ಷಿಪ್ತವೆಂಬಂತೆ ಕಾಣತೊಡಗಿದರು: ಅವು ಎದುರಾಳಿಯಾದ ಮಾರ್ಬಿಯಸನ ಹಿಂದಿನ ಮುಖಗಳಿರಬೇಕೆಂದು ಅರ್ಥ ಬಿಡಿಸಿದರು. ಮೊದಲು ಸಂಪ್ರದಾಯಭಂಗವೆಂದು ನಿಂದಿತವಾದುದೇ ಮುಂದೆ ಸಂಪ್ರದಾಯದ ಅಡಿಗಲ್ಲಾಗುವುದನ್ನು ಧರ್ಮಗಳ ಚರಿತ್ರೆಯಲ್ಲಿ ಕಾಣಲು ಶತಮಾನಗಳು ಬೇಕು. ಇಲ್ಲಿ ಒಬ್ಬ ಮನುಷ್ಯನ ಆಯುಷ್ಯ ಸಾಕಾಯಿತು.

ಧರ್ಮದ ಮಾತನ್ನು ಎತ್ತಿದುದು ಅಲಂಕಾರಕ್ಕಲ್ಲ. ಯಾವ ಕಥೆಗಳು ಪ್ರಮಾಣ, ಯಾವುವು ಅಲ್ಲ ಎಂಬುದನ್ನು ಸೂಚಿಸಲು ಅಭಿಮಾನಿಗಳು ಬಳಸುವ ‘ಕ್ಯಾನನ್’ ಎಂಬ ಮಾತು ಕ್ರೈಸ್ತ ಧರ್ಮಗ್ರಂಥಗಳ ವಿಚಾರದಿಂದ ಬಂದುದು. ರೊನಾಲ್ಡ್ ನಾಕ್ಸ್ ಅವರು ೧೯೧೧ರಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿದ ಪ್ರಬಂಧವೊಂದರಲ್ಲಿ ಬೈಬಲ್ಲಿನ ಪಂಡಿತರ ವಿಮರ್ಶಾಪದ್ಧತಿಯನ್ನು ಅಣಕಿಸಲೆಂದು ಷೆರ್ಲಾಕ್ ಹೋಮ್ಸನ ಕಥೆಗಳಿಗೆ ಅದನ್ನು ಅನ್ವಯಿಸಿದರು. ಡಾಕ್ಟರ್ ವಾಟ್ಸನನ ಗಾಯ ಒಂದು ಕಥೆಯಲ್ಲಿ ಭುಜದಲ್ಲಿದ್ದು ಮತ್ತೊಂದರಲ್ಲಿ ಕಾಲಿಗೆ ಇಳಿದಿರುವಂಥ ಸಂಗತಿಗಳು ಅಂಥ ವಿಮರ್ಶೆಗೆ ಒಳ್ಳೆಯ ಆಹಾರ. ಅಣಕವಾಗಿ ಆರಂಭವಾದುದನ್ನು ಓದುಗರು ಬೇಗನೆ ನಿಜವಾದ ಕಸುಬಾಗಿ ಕೈಗೊಂಡರು. ಆದರೆ ಹೋಮ್ಸನಿಗೆ ಒಬ್ಬನೇ ಕರ್ತೃವಿದ್ದ, ಅವನ ಕಥೆಗಳು ಅರವತ್ತಕ್ಕೆ ಮುಗಿದುವು. ‘ಡಾಕ್ಟರ್ ಹೂ’ವಿಗೆ ಕರ್ತೃಗಳು ಲೆಕ್ಕವಿಲ್ಲದಷ್ಟು, ಪ್ರಮಾಣಗ್ರಂಥಗಳ ಪಟ್ಟಿಯನ್ನು ಬಿ.ಬಿ.ಸಿ. ಎಂದೂ ಪ್ರಕಟಿಸಿದುದಿಲ್ಲ. ಅಟ್ಲಾಂಟಿಸ್ ದ್ವೀಪದ ವಿನಾಶಕ್ಕೆ ೧೯೬೭, ೧೯೭೧, ೧೯೭೨—ಈ ಮೂರು ವರ್ಷಗಳ ಕಥೆಗಳು ಮೂರು ಬಗೆಯ ವೃತ್ತಾಂತವನ್ನು ಹೇಳುತ್ತವೆ. ೧೯೮೭ರಲ್ಲಿ ೯೫೩ ವರ್ಷ ವಯಸ್ಸಾಗಿದ್ದ ಡಾಕ್ಟರನು ೨೦೦೫ರಲ್ಲಿ ೯೦೦ ವರ್ಷದವನಾಗಿದ್ದಾನೆ. ಇವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ನಿಲ್ಲಬೇಕಾದುದು ಬ್ರಿಗೇಡಿಯರನ ಕಾಲನಿರ್ಣಯದ ಬಳಿ. ಪಾತ್ರಧಾರಿಯ ಪ್ರಶ್ನೆಯೂ ಪೂರ್ವಾಪರದ ಪ್ರಶ್ನೆಯೂ ಒಂದೇ ಗಂಟಿನ ಎರಡು ಎಳೆಗಳೆಂಬುದು ಅಲ್ಲಿ ಕಾಣುತ್ತದೆ. ಅನ್ಯಲೋಕದವರಿಂದ ಭೂಮಿಯನ್ನು ಕಾಯುವ ‘ಯುನಿಟ್’ ಎಂಬ ಸೇನಾದಳಕ್ಕೆ ನಾಯಕನಾದ ಬ್ರಿಗೇಡಿಯರ್ ಲೆತ್‌ಬ್ರಿಜ್-ಸ್ಟೀವರ್ಟನ ಪಾತ್ರವನ್ನು ನಿಕೊಲಾಸ್ ಕೋರ್ಟ್ನಿ ವಹಿಸಿದ್ದರು. ಅವನು ಮೊದಲು ಕಾಣಿಸಿಕೊಂಡ ೧೯೬೮ರ ಕಥೆಯು, ೧೯೩೫ರ ಒಂದು ಘಟನೆಯಾಗಿ ನಾಲ್ವತ್ತಕ್ಕೂ ಹೆಚ್ಚು ವರ್ಷಗಳು ಕಳೆದುವೆನ್ನುತ್ತದೆ. ಅದೇ ವರ್ಷದ ಮುಂದಿನ ಕಥೆ ‘ದಿ ಇನ್ವೇಷನ್’ ಅದರಿಂದಾಚೆಗೆ ಇನ್ನೂ ನಾಲ್ಕು ವರ್ಷಗಳನ್ನು ಸೇರಿಸುತ್ತದೆ. ಹೀಗೆ ಲೆಕ್ಕ ಹಾಕಿದರೆ ಯುನಿಟ್ಟಿನ ಕಥೆಗಳು ಸುಮಾರು ೧೯೭೯ರ ಈಚೆಗೆ ಬರುತ್ತವೆ. ೧೯೭೫ರ ‘ಪಿರಮಿಡ್ಸ್ ಆಫ್ ಮಾರ್ಸ್’ನಲ್ಲಿ ಸಂಗಡಿಗಳಾದ ಸಾರಾ ತಾನು ೧೯೮೦ರಿಂದ ಬಂದವಳೆಂದು ಸ್ಪಷ್ಟವಾಗಿ ಹೇಳುತ್ತಾಳೆ. ಇಷ್ಟರ ಮಟ್ಟಿಗೆ ಸಾಕ್ಷ್ಯ ಒಂದಕ್ಕೊಂದು ಹೊಂದುತ್ತದೆ. ೧೯೮೩ರಲ್ಲಿ ಪ್ರಸಾರವಾದ ‘ಮಾಡ್ರಿನ್ ಅನ್‌ಡೆಡ್’ ಎಂಬ ಕಥೆ ಅದೆಲ್ಲವನ್ನೂ ಬುಡಮೇಲು ಮಾಡಿತು. ಅದರ ಪ್ರಕಾರ ಬ್ರಿಗೇಡಿಯರನು ೧೯೭೬ರಲ್ಲಿಯೇ ನಿವೃತ್ತನಾಗಿ, ೧೯೭೭ರಲ್ಲಿ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾನೆ.

ಇದನ್ನು ಸರಿಪಡಿಸಲು ಅಭಿಮಾನಿ ಪತ್ರಿಕೆಗಳಲ್ಲಿ ವ್ಯಯವಾದ ಬುದ್ಧಿಶಕ್ತಿ ಅಪಾರ. ಸಾರಾ ಸ್ಥೂಲವಾಗಿ ದಶಕವನ್ನಷ್ಟೇ ಹೇಳಿದಳೆಂದು ಒಬ್ಬರು. ಗೋಡೆಯ ಪಂಚಾಂಗ, ಮೋಟಾರುಗಳ ನೋಂದಣಿ ಅಂಕಿ, ಚಲಾವಣೆಯಲ್ಲಿರುವ ನಾಣ್ಯ ಇವೇ ಸಾಕ್ಷಿಗಳೆಂದು ಮತ್ತೊಬ್ಬರು. ಮಾತಿನ ಸಾಕ್ಷ್ಯಕ್ಕಿಂತ ವಸ್ತುವಿನ ಸಾಕ್ಷ್ಯ ಮೇಲೆಂಬ ತತ್ತ್ವವನ್ನು ಇವರು ಯಾವ ವಿದ್ಯಾಪೀಠದಲ್ಲಿಯೂ ಕಲಿತವರಲ್ಲ. ಆದರೆ ನಿಜವಾದ ಕಾರಣ ಈ ಪ್ರಮಾಣಗಳ ಯಾವುದರಲ್ಲಿಯೂ ಇರಲಿಲ್ಲ. ಆ ಕಥೆಯನ್ನು ಮೊದಲು ಯೋಜಿಸಿದುದು ಬ್ರಿಗೇಡಿಯರನಿಗಾಗಿ ಅಲ್ಲ, ೧೯೬೩ರ ಮೊದಲ ಕಥೆಯಲ್ಲಿದ್ದ ಇಯಾನ್ ಚೆಸ್ಟರ್‌ಟನ್ ಎಂಬ ಉಪಾಧ್ಯಾಯನಿಗಾಗಿ. ಆ ಪಾತ್ರದ ನಟ ವಿಲಿಯಂ ರಸೆಲ್ ದೊರೆಯಲಿಲ್ಲ. ಕಥೆ ಶಾಲೆಯಲ್ಲಿ ನಡೆಯಬೇಕೆಂದು ಆಗಲೇ ನಿಶ್ಚಯವಾಗಿತ್ತು. ಬಂದ ನಟನಿಗೆ ಉಪಾಧ್ಯಾಯವೃತ್ತಿಯನ್ನು ಹಾಗೆಯೇ ಒಪ್ಪಿಸಲಾಯಿತು. ನಿವೃತ್ತ ಸೇನಾನಿ ಲೆಕ್ಕ ಹೇಳಿಕೊಡುವುದೇಕೆ, ೧೯೮೦ರಲ್ಲಿ ದಂಡಿನಲ್ಲಿರಬೇಕಾದವನು ೧೯೭೭ರಲ್ಲಿ ತರಗತಿಯಲ್ಲಿರುವುದು ಹೇಗೆ ಎಂಬುವೆಲ್ಲ ಒಬ್ಬ ನಟರಿಗೆ ಬಿಡುವಿಲ್ಲದುದರ ಫಲ. ೨೦೦೮ರ ಕಥೆಯೊಂದರಲ್ಲಿ ಡಾಕ್ಟರನೇ ತಾನು ಯುನಿಟ್ಟಿನಲ್ಲಿದ್ದುದು ಎಪ್ಪತ್ತರ ದಶಕದಲ್ಲೋ ಎಂಬತ್ತರಲ್ಲೋ ಎಂದು ತಡವರಿಸುತ್ತಾನೆ; ಅದು ಈ ವಿವಾದಕ್ಕೆ ಲೇಖಕರು ಸಲ್ಲಿಸಿದ ನಗೆಯ ಕಾಣಿಕೆ.

ಬ್ರಿಗೇಡಿಯರನ ವಾದ ನಿರಪಾಯವಾದುದು. ಅದರಿಂದ ಯಾರಿಗೂ ನೋವಿಲ್ಲ. ಪಾತ್ರಧಾರಿಗಳ ಆಯ್ಕೆಯ ಎಲ್ಲ ವಾದಗಳ ಬಗೆಗೆ ಹಾಗೆ ಹೇಳಲಾಗದು. ವಾರಿಸ್ ಹುಸೇನರು ಬಹುಭಾಗ ನಿರ್ದೇಶಿಸಿದ ೧೯೬೪ರ ‘ಮಾರ್ಕೋ ಪೋಲೋ’ದಲ್ಲಿ ಕುಬ್ಲಾಯ್ ಖಾನನಾದವರು, ೧೯೬೫ರ ‘ದಿ ಕ್ರುಸೇಡ್’ನಲ್ಲಿ ಸಲಾದೀನನಾದವರು, ೧೯೭೭ರ ‘ದಿ ಟ್ಯಾಲನ್ಸ್ ಆಫ್ ವೆಂಗ್-ಚಿಯಾಂಗ್’ನಲ್ಲಿ ಚೀನೀ ಐಂದ್ರಜಾಲಿಕನಾದವರು ಎಲ್ಲರೂ ಬಣ್ಣ ಬಳಿದುಕೊಂಡ ಐರೋಪ್ಯ ನಟರು. ಕೊನೆಯ ಕಥೆ ಬಹುಕಾಲ ಅಭಿಮಾನಿಗಳ ಅತ್ಯುತ್ತಮ ಕಥೆಗಳ ಪಟ್ಟಿಯಲ್ಲಿತ್ತು. ಒಂದು ದಿನಾಂಕ ತಪ್ಪಿದರೆ ಪುಟಗಟ್ಟಲೆ ಬರೆಯುತ್ತಿದ್ದವರಿಗೆ ಆ ಬಣ್ಣ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು.

ಡಾಕ್ಟರನು ಸ್ತ್ರೀಯಾಗಬಹುದೇ ಎಂಬುದು ಮತ್ತೊಂದು. ಟಾಮ್ ಬೇಕರ್ ೧೯೮೦ರಲ್ಲಿ ತಮ್ಮ ನಿರ್ಗಮನವನ್ನು ಪ್ರಕಟಿಸುವಾಗ ತಮ್ಮ ಉತ್ತರಾಧಿಕಾರಿ ಗಂಡೋ ಹೆಣ್ಣೋ ಎಂದು ಚೇಷ್ಟೆಗೆ ನುಡಿದಿದ್ದರು. ೧೯೮೬ರಲ್ಲಿ ಮಾಲೆ ಸೊರಗಿದ್ದಾಗ ಸಿಡ್ನಿ ನ್ಯೂಮನ್ನರು ಬಿ.ಬಿ.ಸಿ.ಯ ಅಧಿಕಾರಿ ಮೈಕೆಲ್ ಗ್ರೇಡ್ ಅವರಿಗೆ ಬರೆದ ಪತ್ರದಲ್ಲಿ, ಕಾಲಕ್ರಮೇಣ ಡಾಕ್ಟರನನ್ನು ಹೆಣ್ಣಾಗಿ ಪರಿವರ್ತಿಸಬೇಕೆಂಬ ಸಲಹೆಯನ್ನು ವಿನೋದವಿಲ್ಲದೆಯೇ ಕೊಟ್ಟರು. ಸಲಹೆ ಕಡತದಲ್ಲಿ ಉಳಿಯಿತು. ೨೦೧೭ರ ಜುಲೈ ೧೬ರಂದು ಜೋಡಿ ವಿಟ್ಟೇಕರ್ ಅವರ ಹೆಸರನ್ನು ಪ್ರಕಟಿಸಿದಾಗ ಎದ್ದ ವಾದದಲ್ಲಿ ಎರಡು ಪಕ್ಷದವರೂ ಪ್ರಮಾಣಗಳ ಮೊರೆಹೊಕ್ಕರು. ಡಾಕ್ಟರನು ಎಂದಿನಿಂದಲೂ ಪುರುಷನೇ ಎಂದು ಒಂದು ಪಕ್ಷ. ೨೦೧೪ರಲ್ಲಿ ಡಾಕ್ಟರನ ಎದುರಾಳಿಯಾದ ಮಾಸ್ಟರನು ಸ್ತ್ರೀರೂಪದಲ್ಲಿ ಬಂದುದನ್ನೂ, ೨೦೧೫ರಲ್ಲಿ ಟೈಮ್ ಲಾರ್ಡ್ ಸೇನಾಪತಿಯೊಬ್ಬನು ನಮ್ಮ ಕಣ್ಣೆದುರಿಗೇ ಹೆಣ್ಣಾದುದನ್ನೂ ಮುಂದೊಡ್ಡಿ ಎದುರುಪಕ್ಷ. ಪ್ರಮಾಣದ ದೃಷ್ಟಿಯಿಂದ ಎರಡನೆಯ ಪಕ್ಷವೇ ಗಟ್ಟಿಯೆಂಬುದು ನನ್ನ ಅಭಿಪ್ರಾಯ. ಆದರೆ ಪ್ರಮಾಣದಿಂದ ಮನಸ್ಸು ಬದಲಾಯಿಸಿದವರು ಯಾವ ಪಕ್ಷದಲ್ಲಿಯೂ ಹೆಚ್ಚಾಗಿ ಕಾಣುವುದಿಲ್ಲ. ಪೂರ್ವಾಪರವು ಇಲ್ಲಿ ವಾದದ ವಿಷಯವಾಗಿರಲಿಲ್ಲ, ಆಯುಧವಾಗಿತ್ತು. ಮೊದಲೇ ತೀರ್ಮಾನಿಸಿಕೊಂಡ ಒಲವಿಗೆ ಭೂತಕಾಲದಿಂದ ಅಪ್ಪಣೆಚೀಟಿ ತರುವ ಈ ರೂಢಿ ಕಟ್ಟುಕಥೆಗಳ ಲೋಕಕ್ಕೆ ಮಾತ್ರ ಸೀಮಿತವಾದುದಲ್ಲವೆಂಬುದನ್ನು ಇತಿಹಾಸದ ಅಧ್ಯಾಪಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ವಿಟ್ಟೇಕರ್ ಅವರ ಮೊದಲ ವರ್ಷದಲ್ಲಿಯೇ, ೨೦೧೮ರ ನವೆಂಬರ್ ೧೧ರಂದು, ವಿನಯ್ ಪಟೇಲ್ ಬರೆದ ‘ಡೀಮನ್ಸ್ ಆಫ್ ದಿ ಪಂಜಾಬ್’ ಪ್ರಸಾರವಾಯಿತು. ೧೯೪೭ರ ದೇಶವಿಭಜನೆಯನ್ನು ಕುರಿತ ಆ ಕಥೆಯಲ್ಲಿ ಅನ್ಯಲೋಕದವರು ಕೊಲೆಗಾರರಲ್ಲ, ಸಾಯುವವರಿಗೆ ಸಾಕ್ಷಿಗಳಾಗಿ ನಿಲ್ಲತಕ್ಕವರು, ಕೊಲ್ಲುವವನು ಒಡಹುಟ್ಟಿದವನು. ನಾಯಕಿಯ ಬಗೆಗೆ ನಡೆದ ಗದ್ದಲದಲ್ಲಿ ಇಂಥ ಕಥೆಗೆ ಸಲ್ಲಬೇಕಾದಷ್ಟು ಚರ್ಚೆ ಸಲ್ಲಲಿಲ್ಲವೆಂದು ನನಗೆ ತೋರುತ್ತದೆ.

ಆ ಕಾಲದ ಪ್ರಧಾನ ಲೇಖಕರಾಗಿದ್ದ ಕ್ರಿಸ್ ಚಿಬ್ನಲ್ ಅವರ ವೃತ್ತಾಂತವೂ ಗಮನಾರ್ಹ. ೧೯೮೬ರಲ್ಲಿ ಹದಿಹರೆಯದ ಹುಡುಗನಾಗಿದ್ದಾಗ ಅವರು ಅಭಿಮಾನಿಸಂಘದ ಪರವಾಗಿ ಬಿ.ಬಿ.ಸಿ.ಯ ‘ಓಪನ್ ಏರ್’ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡು, ಆ ವರ್ಷದ ಕಥೆಗಳು ಹಳಸಲಾಗಿವೆಯೆಂದು ಅವುಗಳ ಲೇಖಕರಾದ ಪಿಪ್ ಮತ್ತು ಜೇನ್ ಬೇಕರ್ ದಂಪತಿಗಳಿಗೇ ಹೇಳಿದ್ದರು. ಅದೇ ಹುಡುಗನು ೨೦೨೦ರ ಮಾರ್ಚ್ ೧ರಂದು ಪ್ರಸಾರವಾದ ‘ದಿ ಟೈಮ್‌ಲೆಸ್ ಚಿಲ್ಡ್ರನ್’ ಕಥೆಯಲ್ಲಿ, ಡಾಕ್ಟರನು ಹುಟ್ಟಿನಿಂದ ಟೈಮ್ ಲಾರ್ಡನೇ ಅಲ್ಲ, ಬೇರೆಲ್ಲಿಯೋ ಸಿಕ್ಕಿದ ತಬ್ಬಲಿ, ಹಾರ್ಟ್‌ನೆಲ್ಲರಿಗಿಂತ ಹಿಂದೆ ಅವನಿಗೆ ಲೆಕ್ಕಕ್ಕೆ ಸಿಗದಷ್ಟು ಜನ್ಮಗಳಾಗಿದ್ದುವು ಎಂದು ಬರೆದರು. ಅದಕ್ಕೆ ಆಧಾರವಾಗಿ ೧೯೭೬ರ ಎಂಟು ಮುಖಗಳನ್ನು ಮತ್ತೆ ತೆರೆಯ ಮೇಲೆ ತಂದರು. ನಾಲ್ವತ್ತು ವರ್ಷಗಳ ಕಾಲ ಪ್ರಕ್ಷಿಪ್ತವೆನಿಸಿದ್ದ ಪಾಠವನ್ನು ಎತ್ತಿಹಿಡಿದು ಉಳಿದವನ್ನೆಲ್ಲ ಅದಕ್ಕೆ ಅಡಿಯಾಳಾಗಿಸಿದುದು ಹಳೆಯ ಅಭಿಮಾನಿಯೊಬ್ಬನ ಕೆಲಸ. ಅದನ್ನು ಅತ್ಯುಗ್ರವಾಗಿ ಖಂಡಿಸಿದವರೂ ಅಭಿಮಾನಿಗಳೇ. ಹದಿಮೂರರ ಮಿತಿಯನ್ನು ೨೦೧೩ರ ಕ್ರಿಸ್‌ಮಸ್ ದಿನವೇ ಸ್ಟೀವನ್ ಮೊಫಟ್ ಅವರು ಹೊಸ ಜನ್ಮಗಳ ವರವೊಂದರಿಂದ ದಾಟಿಸಿದ್ದರು. ಅದಕ್ಕೆ ಇಷ್ಟು ರೋಷ ಎದ್ದಿರಲಿಲ್ಲ. ನಿಯಮವನ್ನು ದಾಟುವುದು ಒಂದು, ಆದಿಯನ್ನು ಬದಲಾಯಿಸುವುದು ಇನ್ನೊಂದು. ಜನ ಮೊದಲನೆಯದನ್ನು ಸಹಿಸಿಯಾರು.

ಈ ಆದಿಯ ಸಾಕ್ಷ್ಯವಾದರೂ ಎಷ್ಟು ಉಳಿದಿದೆ? ಬಿ.ಬಿ.ಸಿ. ೧೯೬೭ರಿಂದ ೧೯೭೮ರವರೆಗಿನ ಅವಧಿಯಲ್ಲಿ ಹಳೆಯ ಧ್ವನಿಚಿತ್ರಪಟ್ಟಿಗಳನ್ನು ಮರುಬಳಕೆಗಾಗಿ ಅಳಿಸಿಹಾಕಿತು. ಪರದೇಶಗಳಿಗೆ ಮಾರಲು ತೆಗೆದ ಪ್ರತಿಗಳನ್ನೂ ಉಳಿಸಲಿಲ್ಲ. ೨೦೧೩ರಲ್ಲಿ ನೈಜೀರಿಯದಲ್ಲಿ ಒಂಬತ್ತು ಕಂತುಗಳು ದೊರೆತ ಬಳಿಕವೂ ೯೭ ಕಂತುಗಳು ಕಾಣೆಯಾಗಿದ್ದುವು. ಹುಸೇನರ ‘ಮಾರ್ಕೋ ಪೋಲೋ’ದ ಏಳು ಕಂತುಗಳೂ ಅವುಗಳಲ್ಲಿ ಸೇರಿದ್ದುವು. ಹಾರ್ಟ್‌ನೆಲ್ ಟ್ರೌಟನ್ನರಾಗಿ ಮಾರ್ಪಟ್ಟ ಕಂತು ಸಹ ಇಲ್ಲ. ಆ ಕೆಲವು ಕ್ಷಣಗಳು ಮಾತ್ರ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ತೋರಿಸಲ್ಪಟ್ಟುದರಿಂದ ಬದುಕಿವೆ. ಆದರೆ ನಷ್ಟವಾದ ಕಂತುಗಳ ಧ್ವನಿ ಮಾತ್ರ ಒಂದನ್ನೂ ಬಿಡದೆ ಉಳಿದಿದೆ. ಅದನ್ನು ಉಳಿಸಿದುದು ಸಂಸ್ಥೆಯಲ್ಲ. ಪ್ರಸಾರದ ಸಂಜೆ ದೂರದರ್ಶನದ ಪೆಟ್ಟಿಗೆಯ ಧ್ವನಿಯನ್ನು ತಮ್ಮ ಟೇಪ್ ರೆಕಾರ್ಡರುಗಳಲ್ಲಿ ಹಿಡಿದಿಟ್ಟುಕೊಂಡವರು ಕೆಲವರು ಹುಡುಗರು. ‘ದಿ ಪವರ್ ಆಫ್ ದಿ ಡಾಲೆಕ್ಸ್’ನ ಆರು ಕಂತುಗಳಲ್ಲಿ ಒಂದೂ ಪೂರ್ಣವಾಗಿ ಉಳಿದಿರಲಿಲ್ಲ. ಆ ಧ್ವನಿಗೆ ಹೊಂದುವಂತೆ ಚಲಿಸುವ ಚಿತ್ರಗಳನ್ನು ಬರೆಸಿ ೨೦೧೬ರ ನವೆಂಬರಿನಲ್ಲಿ, ಮೊದಲ ಪ್ರಸಾರವಾಗಿ ಐವತ್ತು ವರ್ಷಗಳಾದಾಗ, ಬಿ.ಬಿ.ಸಿ. ಅದನ್ನು ಬಿಡುಗಡೆ ಮಾಡಿತು. ಈ ಮನುಷ್ಯ ನಿಜವಾಗಿ ಡಾಕ್ಟರನೇ ಎಂದು ಬೆನ್ ಸಂದೇಹಪಡುವುದನ್ನು ಈಗ ನಾವು ಅವನ ದನಿಯಲ್ಲಿಯೇ ಕೇಳಬಹುದು. ಕಾಣುವ ಮುಖ ಮಾತ್ರ ಚಿತ್ರಕಾರರು ಬರೆದದ್ದು.